ಬೀಜ ಕಟ್ಟಿಕೊಂಡ ಬುತ್ತಿ
(ಮಹಿಳಾ ವೇದಿಕೆಯ ಸಭೆಯಲ್ಲಿ ಮಾಡಿದ ಭಾಷಣ)



ನಾನು ಓದಿದ್ದು ಎಂ.ಟೆಕ್., ದುಡಿಯುವುದು ಕಂಪ್ಯೂಟರಿನ ಮುಂದೆ. ಆದರೂ ಇವತ್ತು ಮೂಲಂಗಿ ಬೀಜದ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ. ನಮ್ಮ ಕಾಶಿಯಲ್ಲೇ ಭಾರತೀಯ ತರಕಾರಿ ಸಂಶೋಧನಾ ಸಂಸ್ಥೆ ಇದೆ. ‘ಕಾಶಿ ಶ್ವೇತಾ’, ‘ಕಾಶಿ ಹಂಸ್’ ಎಂಬ ಮೂಲಂಗಿ ತಳಿಗಳು ಅಲ್ಲಿಯವೇ. ನಮ್ಮಲ್ಲೂ ಹಲವರು ತಾರಸಿಯ ಕುಂಡಗಳಲ್ಲಿ ಮೂಲಂಗಿ ಬಿತ್ತುತ್ತಾರೆ.

ಒದ್ದೆ ಮಣ್ಣಿನ ತುಂಬ ಶಿಲೀಂಧ್ರಗಳು, ಅಂದರೆ ಬೂಷ್ಟಿನ ಜಾತಿಯ ಜೀವಿಗಳು. ನೆನೆದ ಬೀಜವೆಂದರೆ ಅವಕ್ಕೆ ಹಬ್ಬದೂಟ. ಓಡಿಹೋಗಲು ಬೀಜಕ್ಕೆ ಕಾಲಿಲ್ಲ. ಮತ್ತೆ ಅದು ಬದುಕುವುದು ಹೇಗೆ?

1992ರಲ್ಲಿ ಬೆಲ್ಜಿಯಂ ದೇಶದ ಲ್ಯೂವೆನ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಮೂಲಂಗಿ ಬೀಜದಲ್ಲಿ ಶಿಲೀಂಧ್ರವನ್ನು ತಡೆಯುವ ಪುಟ್ಟ ಪ್ರೋಟೀನುಗಳಿವೆ ಎಂದು ಪ್ರಕಟಿಸಿದರು. ಇಂಥವನ್ನು ಈಗ ಡಿಫೆನ್ಸಿನ್ ಎನ್ನುತ್ತಾರೆ. ಒಂದೊಂದರಲ್ಲೂ ಇರುವುದು 51 ಅಮೈನೋ ಆಮ್ಲಗಳಷ್ಟೇ. ಗಂಧಕದ ನಾಲ್ಕು ಕೊಂಡಿಗಳು ಅದನ್ನು ಬಿಗಿಹಿಡಿದಿರುವುದರಿಂದ ಸುಲಭಕ್ಕೆ ಕೆಡುವುದಿಲ್ಲ.

1995ರಲ್ಲಿ ಇನ್ನೊಂದು ಸಂಗತಿ ತಿಳಿಯಿತು. ಬೀಜದ ಸಿಪ್ಪೆ ಬಿರಿದ ಕೂಡಲೇ ಈ ಪ್ರೋಟೀನು ಹೊರಗೆ ಒಸರುತ್ತದೆ. ಬೀಜದ ಸುತ್ತಲಿನ ಜಾಗದಲ್ಲಿ ಶಿಲೀಂಧ್ರ ಬೆಳೆಯುವುದಿಲ್ಲ. ಎಳೆ ಬೇರು ಆ ಕಾವಲಿನೊಳಗೆ ಇಳಿಯುತ್ತದೆ. ತಾಯಿ ಗಿಡ ತಾನು ಒಣಗುವ ಮೊದಲು ಕಟ್ಟಿಕೊಟ್ಟ ಬುತ್ತಿಯಲ್ಲಿ ಅನ್ನದ ಜೊತೆಗೆ ಆಯುಧವೂ ಇರುತ್ತದೆ!

ಭತ್ತ ಬೆಳೆಯುವ ಮನೆಯವರಿಗೆ ಬೆಂಕಿರೋಗದ ಕಷ್ಟ ಗೊತ್ತು. ಅದೂ ಶಿಲೀಂಧ್ರದಿಂದಲೇ ಬರುವುದು. ಬರೋಡಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದ ಸಂಶೋಧಕರು ಮೂಲಂಗಿಯ ಈ ಪ್ರೋಟೀನಿನ ಜೀನನ್ನು ಭತ್ತಕ್ಕೆ ಸೇರಿಸಿದಾಗ, ಆ ಗಿಡಗಳು ರೋಗವನ್ನು ಹೆಚ್ಚು ತಡೆದುಕೊಂಡವು. ಈ ಫಲಿತಾಂಶ ಪ್ರಕಟವಾದದ್ದು 2010ರಲ್ಲಿ.

ಹಾಗೆಂದು ಬೀಜಕ್ಕೆ ಬೂಷ್ಟೇ ಹಿಡಿಯದು ಎಂದುಕೊಳ್ಳಬೇಡಿ. ಈ ಕಾವಲು ಮೊಳಕೆಯ ನಾಲ್ಕು ದಿನಕ್ಕೆ. ತೇವದ ಡಬ್ಬಿಯಲ್ಲಿ ತಿಂಗಳುಗಟ್ಟಲೆ ಕೂತ ಕಾಳಿಗಲ್ಲ. ಬೂಷ್ಟು ಹಿಡಿದ ಕಡಲೆಕಾಯಿ ಬೀಜದಲ್ಲಿ ಅಫ್ಲಟಾಕ್ಸಿನ್ ಎಂಬ ವಿಷ ಇರಬಹುದು. ಅದು ಯಕೃತ್ತನ್ನು ಕೆಡಿಸುತ್ತದೆ, ಹುರಿದರೂ ಪೂರ್ತಿ ಹೋಗುವುದಿಲ್ಲ. ‘ಅಯ್ಯೋ, ದುಡ್ಡು ಕೊಟ್ಟದ್ದಲ್ಲವೇ’ ಎಂದು ಚಟ್ನಿಗೆ ಹಾಕದೆ ಬಿಸಾಡಿ.

ಬಿತ್ತನೆಯ ಬೀಜವನ್ನು ಚೆನ್ನಾಗಿ ಒಣಗಿಸಿ, ಒಡೆದದ್ದನ್ನು ಆರಿಸಿ ತೆಗೆದು, ಗಾಳಿಯಾಡದ ಡಬ್ಬಿಯಲ್ಲಿಡಿ. ನಮ್ಮ ಅಜ್ಜಿಯರು ಬೀಜ ಒಣಗಿಸಿ, ಬೂದಿ ಬೆರೆಸಿ ಕಾಪಾಡುತ್ತಿದ್ದರು. ತಾಯಿ ಗಿಡ ಕೊಟ್ಟ ಕಾವಲು ಕೆಲಸಕ್ಕೆ ಬರಬೇಕಾದರೆ ಬಿತ್ತುವ ದಿನದವರೆಗೆ ಬೀಜವನ್ನು ಕಾಯುವ ಕೆಲಸ ನಮ್ಮದು.