ಮೇಸ್ತ್ರಿಯ ಕರಣೆ ಯಾಕೆ ನಿಲ್ಲುತ್ತದೆ?



ಮನೆ ಕಟ್ಟಿಸುವವರೆಲ್ಲ ನಮ್ಮ ಹತ್ತಿರ ಹೇಳುವ ದೂರು ಒಂದೇ: "ಆಳುಗಳು ಮೈ ಬಗ್ಗಿಸೋದಿಲ್ಲ ಕಣ್ರೀ." ಕಟ್ಟಡದ ಕೆಲಸ ಮಾಡಿಸುತ್ತ ಬಂದ ನಾವು ಇದನ್ನು ಪೂರ್ತಿ ಒಪ್ಪುವುದಿಲ್ಲ. ಸಾಲ ತಂದವರಿಗೆ ಕೆಲಸ ನಿಂತ ದಿನವೂ ಬಡ್ಡಿ ಓಡುತ್ತದೆ. ಆದ್ದರಿಂದ ಅದು ಯಾಕೆ ನಿಲ್ಲುತ್ತದೆ ಅಂತ ನೋಡೋಣ.

ಬೆಳಿಗ್ಗೆ ಮೇಸ್ತ್ರಿ ಬಂದಿರುತ್ತಾರೆ, ಮರಳು ಬಂದಿರುವುದಿಲ್ಲ. ಮರಳು ಬಂದರೆ ಕರೆಂಟಿಲ್ಲ, ಬೋರಿನ ನೀರಿಲ್ಲ. ನೀರು ಬಂದಾಗ ಇಟ್ಟಿಗೆ ನೆನೆಸಿಲ್ಲ. ಒಣ ಇಟ್ಟಿಗೆ ಗಾರೆಯ ನೀರನ್ನೆಲ್ಲ ಹೀರುವುದರಿಂದ ಹಾಗೇ ಇಡುವಂತಿಲ್ಲ. ಅಷ್ಟರಲ್ಲಿ ಹತ್ತೂವರೆ. ಆಮೇಲೆ ಯಜಮಾನರ ಭಾವಮೈದುನರು ಬಂದು, ಕಿಟಕಿ ವಾಸ್ತು ಪ್ರಕಾರ ಅತ್ತ ಇರಲಿ ಅಂತಾರೆ. ಕಟ್ಟಿದ್ದನ್ನು ಒಡೆದು ಮತ್ತೆ ಕಟ್ಟಬೇಕು. ಇದರಲ್ಲಿ ಆಳಿನ ಸೋಮಾರಿತನ ಎಲ್ಲಿ ಬಂತು?

ಅಮೆರಿಕದಲ್ಲಿ ಫ್ರಾಂಕ್ ಗಿಲ್‌ಬ್ರೆತ್ ಎಂಬವರಿದ್ದರು. ಇಟ್ಟಿಗೆ ಕೆಲಸದಿಂದಲೇ ಮೇಲೆ ಬಂದವರು. ಪ್ರತಿ ಇಟ್ಟಿಗೆಗೂ ಮೇಸ್ತ್ರಿ ನೆಲಕ್ಕೆ ಬಗ್ಗಿ ಏಳುವುದನ್ನು ನೋಡಿ, ಇಟ್ಟಿಗೆ ಮತ್ತು ಗಾರೆ ಕೈಯೆತ್ತರದಲ್ಲೇ ಸಿಗುವಂತೆ, ಗೋಡೆ ಏರಿದ ಹಾಗೆ ಏರಿಸಬಹುದಾದ ಸಾರುವೆ ಮಾಡಿಸಿದರು. ಒಂದು ಇಟ್ಟಿಗೆ ಇಡಲು ಬೇಕಾಗಿದ್ದ 18 ಚಲನೆಗಳು 5ಕ್ಕೆ ಇಳಿದವು. ಒಬ್ಬ ಆಳು ಗಂಟೆಗೆ 120 ಇಡುತ್ತಿದ್ದ ಕಡೆ 350 ಇಟ್ಟ ಎಂದು ಟೇಲರ್ ಎಂಬ ಎಂಜಿನಿಯರರು 1911ರ ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ. ಈ ಲೆಕ್ಕ ಹಿಡಿದು ನಾಳೆ ಯಾರೂ ಮೇಸ್ತ್ರಿಗಳ ಜೊತೆ ಜಗಳಕ್ಕೆ ಹೋಗಬೇಡಿ! ಅಲ್ಲಿನ ಇಟ್ಟಿಗೆ ಬೇರೆ, ಗೋಡೆ ಬೇರೆ. ಆದರೆ ಎರಡು ಖಾಲಿ ಡ್ರಮ್ಮು, ಮೇಲೊಂದು ಹಲಗೆ, ಇಷ್ಟಕ್ಕೆ ಏನು ಮಹಾ ಖರ್ಚು?

ಬೇಸಿಗೆಯಲ್ಲಿ ಬೆಳಿಗ್ಗೆ ಬೇಗ ಶುರು ಮಾಡಿ ನಡುಮಧ್ಯಾಹ್ನ ಬಿಡುವು ಕೊಟ್ಟರೆ ಕೆಲಸ ಕಡಿಮೆಯಾಗುವುದಿಲ್ಲ. ಕುಡಿಯುವ ನೀರು ಹತ್ತಿರವಿರಲಿ. 50ಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಡೆ ಮಕ್ಕಳಿಗೆ ಕೊಠಡಿ ಇರಬೇಕೆಂದು 1996ರ ಕಟ್ಟಡ ಕಾರ್ಮಿಕರ ಕಾಯಿದೆ ಹೇಳಿತು. ಊರ ಮನೆ ಕೆಲಸಕ್ಕೆ ಬರುವವರು ಇಬ್ಬರೋ ಮೂವರೋ, ನಿಜ. ಆದರೂ ಮಗು ಬಿಸಿಲಲ್ಲಿ ಅಳುತ್ತಿದ್ದರೆ ತಾಯಿಗೆ ಬಾಂಡ್ಲಿ ಮೇಲೆ ಮನಸ್ಸು ನಿಂತೀತೆ? ಮರದ ನೆರಳಲ್ಲಿ ಒಂದು ಜೋಲಿ ಕಟ್ಟಿಕೊಡಿ.

ಕೊನೆಗೆ ಬಟವಾಡೆ. ಅದು ತಪ್ಪಿದ ವಾರ, ಸೋಮವಾರ ಮೇಸ್ತ್ರಿ ಇನ್ನೊಬ್ಬರ ಮನೆ ಮೇಲಿರುತ್ತಾರೆ. ಇಲ್ಲಿ ಆಡಳಿತ ಮಂಡಳಿಗೆ ನಮ್ಮದೊಂದು ಬಿನ್ನಹ. ಮನೆ ಸಾಲದ ಕಂತನ್ನು ತಳಪಾಯ, ಲಿಂಟಲ್, ತಾರಸಿ ಎಂದು ಹಂತ ನೋಡಿ ಕೊಡುವುದು ಸರಿಯೇ. ಹಂತ ಮುಗಿಯಿತೆಂದು ಸದಸ್ಯರು ಅರ್ಜಿ ಕೊಟ್ಟ ವಾರದೊಳಗೆ ಯಾರಾದರೂ ಬಂದು ನೋಡಿ, ಶನಿವಾರಕ್ಕೆ ಮೊದಲು ಹಣ ಕೈಸೇರುವಂತೆ ಮಾಡಿಕೊಡಬೇಕು.