ಪುಟ್ಟ ಚಕ್ರದ ಮೋಟಾರ್ ಬೈಕುಗಳು



ಟೋಕಿಯೋ ಹತ್ತಿರದ ಟಾಮಾ ಟೆಕ್ ಎಂಬ ಮನರಂಜನಾ ಉದ್ಯಾನಕ್ಕಾಗಿ ಹೋಂಡಾ ಕಂಪನಿ 1961ರಲ್ಲಿ ಒಂದು ಗಿಡ್ಡ ಬೈಕು ತಯಾರಿಸಿತು. 5 ಇಂಚಿನ ಚಕ್ರ, ಸಸ್ಪೆನ್ಷನ್ ಇಲ್ಲವೇ ಇಲ್ಲ. ಆದರೆ ಎಂಜಿನ್ ಮಾತ್ರ ಆಟಿಕೆಯದ್ದಲ್ಲ. ಜಪಾನಿನ ಬೀದಿಗಳಲ್ಲಿ ದಿನವಿಡೀ ದುಡಿಯುತ್ತಿದ್ದ ಸೂಪರ್ ಕಬ್ ಬೈಕಿನ 49 ಸಿ.ಸಿ. ಎಂಜಿನ್ನೇ. ಜನ ಅದನ್ನು ಬಿಡಲೊಲ್ಲದೆ ಹೋದರು. 1967ರಲ್ಲಿ ಹ್ಯಾಂಡಲ್ ಮಡಚಿ ಕಾರಿನ ಡಿಕ್ಕಿಯಲ್ಲಿಟ್ಟು ಒಯ್ಯಬಹುದಾದ, ರಸ್ತೆಗಿಳಿಯುವ ಮಾದರಿಯೂ ಬಂತು. ಅದೇ ಹೋಂಡಾ ಮಂಕಿ. ಪುಟ್ಟ ಬೈಕುಗಳಲ್ಲಿ ನನಗೆ ಅತಿ ಪ್ರಿಯವಾದದ್ದೂ ಅದೇ.

ಅಮೆರಿಕದ ಮಿನಿಬೈಕಿನ ದಾರಿ ಬೇರೆ. ಕಬ್ಬಿಣದ ಕೊಳವೆ ಬೆಸೆದು, ಹುಲ್ಲು ಕತ್ತರಿಸುವ ಯಂತ್ರದ ಎಂಜಿನ್ ಕೂರಿಸಿ, ಮನೆಯಲ್ಲೇ ಕಟ್ಟಿಕೊಂಡವರು ಎಷ್ಟೋ ಜನ. ಅದಕ್ಕೆ ಗೇರಿಲ್ಲ. ಎಂಜಿನ್ ವೇಗವಾಗಿ ತಿರುಗಿದಾಗ ಕ್ಲಚ್ಚಿನೊಳಗಿನ ಶೂಗಳು ಹೊರಕ್ಕೆ ಚಿಮ್ಮಿ ಡ್ರಮ್ಮನ್ನು ಹಿಡಿಯುತ್ತವೆ, ಬೈಕು ಹೊರಡುತ್ತದೆ. ವೇಗ ಇಳಿದರೆ ಹಿಡಿತ ತಾನೇ ಸಡಿಲವಾಗುತ್ತದೆ.

ರೇಸಿನ ಪಿಟ್‌ಗಳಲ್ಲಿ ಓಡಾಡಲು ಬಳಕೆಯಾದ ಪಿಟ್ ಬೈಕು ಈಗ ಮಣ್ಣಿನ ಹಾದಿಯ ಕ್ರೀಡೆಗೂ ಬಂದಿದೆ. ಪಾಕೆಟ್ ಬೈಕು ರೇಸಿಂಗ್ ಬೈಕಿನ ಪಡಿಯಚ್ಚು. ಎತ್ತರ ಮಾತ್ರ ಮೊಣಕಾಲಿನಷ್ಟು. ವಿಶ್ವ ಚಾಂಪಿಯನ್ ವ್ಯಾಲೆಂಟಿನೊ ರೊಸ್ಸಿ ಇಟಲಿಯಲ್ಲಿ ಹುಡುಗನಾಗಿದ್ದಾಗ ಇಂಥದ್ದನ್ನೇ ಓಡಿಸಿ ಬೆಳೆದವರು.

ಇವುಗಳ ಗಾತ್ರ ಕಂಡು ಮೋಸಹೋಗಬಾರದು. ದೊಡ್ಡ ಚಕ್ರ ದಾಟಿಬಿಡುವ ಗುಂಡಿಯೊಳಗೆ ಚಿಕ್ಕ ಚಕ್ರ ಇಳಿದೇ ಬಿಡುತ್ತದೆ. ಎರಡು ಚಕ್ರಗಳ ನಡುವಿನ ಅಂತರ ಕಡಿಮೆಯಾದ್ದರಿಂದ ಆಕ್ಸಿಲರೇಟರ್ ತುಸು ಜಾಸ್ತಿ ತಿರುವಿದರೂ ಮುಂಭಾಗ ಮೇಲೇಳುತ್ತದೆ. ಲಾರಿಯವರಿಗಂತೂ ಅಷ್ಟು ತಗ್ಗಿನಲ್ಲಿ ಕೂತ ಸವಾರ ಕಾಣುವುದೇ ಕಷ್ಟ. ನಮ್ಮ ಮೋಟಾರು ವಾಹನ ಕಾಯ್ದೆಯೂ 25 ಸಿ.ಸಿ. ಮೀರಿದ ಎಂಜಿನ್ನಿನ ದ್ವಿಚಕ್ರವನ್ನು ಆಟಿಕೆಯೆನ್ನುವುದಿಲ್ಲ, ಮೋಟಾರು ವಾಹನವೆನ್ನುತ್ತದೆ. ನೋಂದಣಿಯಿಲ್ಲದೆ ಬಡಾವಣೆಯ ರಸ್ತೆಗೂ ಅದನ್ನು ಇಳಿಸುವಂತಿಲ್ಲ.

ಮಕ್ಕಳಿಗೆ ಕಲಿಸಬೇಕೆಂಬ ಆಸೆಯಿದ್ದರೆ ಬೇಲಿಯಿರುವ ಟ್ರ್ಯಾಕು, ತಲೆಗೆ ಸರಿಹೊಂದುವ ಹೆಲ್ಮೆಟ್, ಕೈಗವಸು, ಪಕ್ಕದಲ್ಲೊಬ್ಬ ದೊಡ್ಡವರು ಇರಲೇಬೇಕು. ಯಮಹಾ ಪಿಡಬ್ಲ್ಯು 50ರಂಥ ಮಕ್ಕಳ ಬೈಕುಗಳಲ್ಲಿ ಆಕ್ಸಿಲರೇಟರ್ ಎಷ್ಟು ತಿರುಗಬಹುದೆಂದು ನಿಗದಿಮಾಡುವ ಸ್ಕ್ರೂ ಇರುತ್ತದೆ. ಮೊದಲು ಅದನ್ನು ಬಿಗಿಮಾಡಿ, ಮಗುವಿಗೆ ಬ್ರೇಕು ಹಿಡಿಯುವುದು ರೂಢಿಯಾದ ಮೇಲೆ ಸ್ವಲ್ಪಸ್ವಲ್ಪವಾಗಿ ಸಡಿಲಿಸಿ.