ಸ್ನಾಯು ಸಡಿಲಿಸುವ ಮಾತ್ರೆ: ಕೆಲವು ಮುನ್ನೆಚ್ಚರಿಕೆಗಳು



ಕಬಡ್ಡಿ ಆಡಿದ ಮರುದಿನ ಸೊಂಟ ಹಿಡಿದುಕೊಳ್ಳುತ್ತದೆ. ಪರೀಕ್ಷೆಗೆ ಓದುತ್ತ ಕುಳಿತು ಕತ್ತು ತಿರುಗಿಸಲಾಗದಂತೆ ಆಗುತ್ತದೆ. ಆಗ ಮನೆಯ ಹಿರಿಯರು ತಮಗೆ ವೈದ್ಯರು ಬರೆದುಕೊಟ್ಟು ಉಳಿದಿದ್ದ ಮಾತ್ರೆಯನ್ನು ಕೊಟ್ಟು, "ಇದನ್ನು ನುಂಗಿ ಮಲಗು, ಸರಿಹೋಗುತ್ತೆ" ಎನ್ನುವುದುಂಟು. ಅದು ಸ್ನಾಯು ಸಡಿಲಿಸುವ ಮಾತ್ರೆಯಾಗಿದ್ದರೆ ನುಂಗುವ ಮೊದಲು ತಿಳಿಯಬೇಕಾದ ಸಂಗತಿಗಳಿವೆ.

ಹೆಸರು ಸ್ನಾಯುವಿನದಾದರೂ ಇಂಥ ಮಾತ್ರೆಗಳಲ್ಲಿ ಹೆಚ್ಚಿನವು ಕೆಲಸ ಮಾಡುವುದು ಬೆನ್ನುಹುರಿ ಮತ್ತು ಮಿದುಳಿನ ಮೇಲೆ. ಸ್ನಾಯುವಿಗೆ ಬಿಗಿದುಕೊಳ್ಳಲು ಆಜ್ಞೆ ತರುವುದು ನರ. ಟಿಜಾನಿಡಿನ್, ಬ್ಯಾಕ್ಲೋಫೆನ್ ಮುಂತಾದ ಔಷಧಗಳು ಆ ಆಜ್ಞೆಯನ್ನೇ ತಗ್ಗಿಸುತ್ತವೆ. ನೋಯುವ ಸೊಂಟಕ್ಕಷ್ಟೇ ಹೋಗಿ ಉಳಿದ ದೇಹವನ್ನು ಬಿಟ್ಟುಬಿಡುವುದು ಮಾತ್ರೆಗೆ ಸಾಧ್ಯವಿಲ್ಲ. ಆದುದರಿಂದಲೇ ತೂಕಡಿಕೆ, ತಲೆಸುತ್ತು, ನಿಶ್ಶಕ್ತಿ ಕಾಣಿಸಿಕೊಳ್ಳುತ್ತವೆ.

ಹೀಗಾಗಿ ಮಾತ್ರೆ ತಮ್ಮ ಮೇಲೆ ಎಂಥ ಪರಿಣಾಮ ಮಾಡುತ್ತದೆಂದು ತಿಳಿಯುವವರೆಗೆ ವಾಹನ ಓಡಿಸಬಾರದು, ಏಣಿ ಹತ್ತಬಾರದು, ಯಂತ್ರದ ಬಳಿ ಕೆಲಸ ಮಾಡಬಾರದು. ಮದ್ಯವನ್ನಂತೂ ಮುಟ್ಟಲೇಬಾರದು. ನಿದ್ರೆಮಾತ್ರೆ ಹಾಗೂ ತೂಕಡಿಕೆ ತರುವ ನೆಗಡಿಮಾತ್ರೆಗಳು ಜೊತೆಗೂಡಿದರೆ ಮಂಪರು ಇನ್ನೂ ಹೆಚ್ಚುತ್ತದೆ.

ಟಿಜಾನಿಡಿನ್ ರಕ್ತದೊತ್ತಡವನ್ನೂ ಇಳಿಸುತ್ತದೆ. ಅದನ್ನು ಸೇವಿಸುವ ಅಜ್ಜಿ ಹಾಸಿಗೆಯಿಂದ ಥಟ್ಟನೆ ಎದ್ದರೆ ಕಣ್ಣು ಕತ್ತಲಿಟ್ಟು ಬೀಳಬಹುದು. ಮೊದಲು ಎದ್ದು ಕುಳಿತು, ಸ್ವಲ್ಪ ಹೊತ್ತಿನ ಮೇಲೆ ನಿಲ್ಲುವಂತೆ ಅವರಿಗೆ ಹೇಳಿ. ಸಿಪ್ರೊಫ್ಲಾಕ್ಸಸಿನ್ ಎಂಬ ಪ್ರತಿಜೀವಕವನ್ನು ಇದರೊಡನೆ ಎಂದೂ ಸೇವಿಸಕೂಡದು. ಯಕೃತ್ತಿನಲ್ಲಿ ಟಿಜಾನಿಡಿನ್ ಕರಗಿಹೋಗುವುದನ್ನು ಅದು ತಡೆಯುತ್ತದೆ. ರಕ್ತದಲ್ಲಿ ಔಷಧದ ಪ್ರಮಾಣ ಸುಮಾರು 10 ಪಟ್ಟು ಏರಬಲ್ಲದು. ಆದ್ದರಿಂದ ಜ್ವರಕ್ಕೆಂದು ಬೇರೆ ವೈದ್ಯರ ಬಳಿ ಹೋದಾಗಲೂ ಈಗ ಸೇವಿಸುತ್ತಿರುವ ಎಲ್ಲ ಔಷಧಗಳ ಚೀಟಿಯನ್ನು ತೋರಿಸಬೇಕು.

ಬೆನ್ನುಹುರಿಗೆ ಪೆಟ್ಟಾಗಿ ಅಥವಾ ಪಾರ್ಶ್ವವಾಯುವಿನಿಂದ ಕೈಕಾಲು ಬಿಗಿದುಕೊಂಡವರಿಗೆ ಬ್ಯಾಕ್ಲೋಫೆನ್ ತಿಂಗಳುಗಟ್ಟಲೆ ಬೇಕಾಗಬಹುದು. ಇದನ್ನು ಒಮ್ಮೆಲೇ ನಿಲ್ಲಿಸುವುದು ಅಪಾಯ. ಭ್ರಮೆ, ಫಿಟ್ಸ್, ವಿಪರೀತ ಬಿಗಿತ ಉಂಟಾಗಿ ಪ್ರಾಣಕ್ಕೇ ಸಂಚಕಾರ ಬರಬಹುದು. ವೈದ್ಯರು ಹೇಳಿದಂತೆ ಪ್ರಮಾಣವನ್ನು ಹಂತಹಂತವಾಗಿ ಇಳಿಸಬೇಕು. ಈ ಔಷಧ ಬಹುಪಾಲು ಹೊರಹೋಗುವುದು ಮೂತ್ರಪಿಂಡದ ಮೂಲಕ. ಮೂತ್ರಪಿಂಡದ ಕಾಯಿಲೆ ಇದ್ದವರಿಗೆ ಸಾಮಾನ್ಯ ಪ್ರಮಾಣವೂ ಪ್ರಜ್ಞೆ ತಪ್ಪಿಸಬಲ್ಲದು. ಆ ಕಾಯಿಲೆ ಇದ್ದರೆ ವೈದ್ಯರಿಗೆ ಮೊದಲೇ ತಿಳಿಸಬೇಕು.

ಥಯೋಕಾಲ್ಚಿಕೋಸೈಡ್ ಎಂಬ ಇನ್ನೊಂದು ಔಷಧವಿದೆ. ಅದು ವಂಶವಾಹಿಗಳ ಮೇಲೆ ಪರಿಣಾಮ ಬೀರಬಹುದೆಂಬ ಕಾರಣದಿಂದ, ಗರ್ಭಿಣಿಯರಿಗೂ 16 ವರ್ಷದೊಳಗಿನವರಿಗೂ ಕೊಡಕೂಡದೆಂದು, ಬಾಯಿಯ ಮೂಲಕ 7 ದಿನಗಳಿಗಿಂತ ಹೆಚ್ಚು ಸೇವಿಸಬಾರದೆಂದು ಯುರೋಪಿನ ಔಷಧ ಸಂಸ್ಥೆ 2013ರಲ್ಲಿ ಸೂಚಿಸಿತು. ಅಪ್ಪನಿಗೆ ಒಗ್ಗಿದ ಮಾತ್ರೆ ಮಗನಿಗೆ ಸಲ್ಲದು ಎನ್ನಲು ಇದೊಂದೇ ಉದಾಹರಣೆ ಸಾಕು.

ನಿಮ್ಮ ಮನೆಯಲ್ಲಿ ಯಾರಾದರೂ ಇಂಥ ಔಷಧ ಸೇವಿಸುತ್ತಿದ್ದರೆ ನೀವು ಅವರಿಗೆ ನೆರವಾಗಬಲ್ಲಿರಿ. ಪಟ್ಟಿಯ ಮೇಲಿನ ಹೆಸರನ್ನು ಓದಿ ಚೀಟಿಯೊಡನೆ ಹೋಲಿಸಿ ನೋಡಿ. ಮಾತ್ರೆ ಮುಗಿಯುವ ಮೊದಲೇ ಹೊಸದನ್ನು ತಂದಿಡಿ. ಒಂದು ಹೊತ್ತು ಮರೆತರೆಂದು ಮುಂದಿನ ಹೊತ್ತಿಗೆ ಎರಡು ಮಾತ್ರೆ ಕೊಡಬೇಡಿ. ಕರೆದರೂ ಎಚ್ಚರಗೊಳ್ಳದಿದ್ದರೆ, ಉಸಿರಾಟ ನಿಧಾನವಾದರೆ, ತಡಮಾಡದೆ 108ಕ್ಕೆ ಕರೆಮಾಡಿ. ಮಾತ್ರೆಯ ಪಟ್ಟಿಯನ್ನೂ ಆಸ್ಪತ್ರೆಗೆ ಒಯ್ಯಿರಿ. ಏನು ನುಂಗಿದ್ದಾರೆಂದು ತಿಳಿದರೆ ವೈದ್ಯರು ಕೂಡಲೇ ಸರಿಯಾದ ಚಿಕಿತ್ಸೆಗೆ ತೊಡಗಬಹುದು.